ಸುಟ್ಟ ಕಾಡಿನ ನಕ್ಷೆಗೆ ಸೆಂಟಿನೆಲ್-2 ಹೇಗಿದೆ?

ಉಷ್ಣವಲಯದ ಕಾಡು, ಹುಲ್ಲುಗಾವಲಿನಲ್ಲಿ ಬೆಂಕಿ ಬಿದ್ದ ಜಾಗ ಗುರುತಿಸೋಕೆ ನಾನು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನೇ ನೆಚ್ಚಿಕೊಂಡಿದ್ದೇನೆ. ದುಡ್ಡು ಕೊಡಬೇಕಿಲ್ಲ. ನಾಸಾ ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಸಂವೇದಕದ ಸುಟ್ಟ ಪ್ರದೇಶದ ನಕ್ಷೆಯಲ್ಲಿ ಒಂದು ಚೌಕದ ಬದಿ 500 ಮೀಟರ್. ಸಣ್ಣ ಬೆಂಕಿಗಳು ಎಷ್ಟೋ ತಪ್ಪಿಹೋಗುತ್ತವೆ. ಸೆಂಟಿನೆಲ್-2ರಲ್ಲಿ ಬರೀ 20 ಮೀಟರ್. ಬೆಂಕಿ ಎಲ್ಲಿ ನಿಂತಿತು, ನಡುವೆ ಯಾವ ಹಸಿರು ತುಂಡು ಉಳಿಯಿತು, ಎಲ್ಲ ಕಾಣುತ್ತದೆ. ಹಸಿರೆಲೆಯು ಕಣ್ಣಿಗೆ ಕಾಣದ ‘ಸಮೀಪದ ಅತಿಗೆಂಪು’ ಬೆಳಕನ್ನು ಜಾಸ್ತಿ ಹಿಂದಕ್ಕೆ ಕಳಿಸುತ್ತದೆ. ಕಾಡು ಸುಟ್ಟರೆ ಹಾಗೆ ಹಿಂದಕ್ಕೆ ಬರುವ ಆ ಬೆಳಕು ಕುಸಿದು, ‘ಕಿರುತರಂಗದ ಅತಿಗೆಂಪು’ ಎಂಬ ಇನ್ನೊಂದು ಕಾಣದ ಬೆಳಕು ಏರುತ್ತದೆ. ಬೆಂಕಿಗೆ ಮುಂಚಿನ, ನಂತರದ ಚಿತ್ರ ಹೋಲಿಸಿದರೆ ಸಾಕು, ಕಲೆ ಎದ್ದು ಕಾಣುತ್ತದೆ.

ಮೋಡದ ನೆರಳು, ನೀರು ಮಾತ್ರ ಸುಟ್ಟ ನೆಲದ ಹಾಗೇ ಕಂಡು ದಾರಿ ತಪ್ಪಿಸುತ್ತವೆ. ಹುಲ್ಲಂತೂ ಕೆಲವೇ ವಾರಗಳಲ್ಲಿ ಚಿಗುರಿಬಿಡುತ್ತದೆ. ಹಾಗಾಗಿ 5 ದಿನಕ್ಕೊಮ್ಮೆ ಅದೇ ಜಾಗದ ಚಿತ್ರ ಸಿಗೋದು ದೊಡ್ಡ ಅನುಕೂಲ, ಅಲ್ವಾ? ಮೋಡ ಜಾಸ್ತಿ ಇರುವ ಕಡೆ, ಮೋಡದ ಮೂಲಕವೂ ನೋಡಬಲ್ಲ ರಡಾರ್ ಚಿತ್ರವನ್ನೂ ಜೊತೆಗಿಟ್ಟುಕೊಳ್ಳಿ.