ಕೌಲ್ ಬಜಾರಿನ ರೇಡಿಯೇಟರ್ ಅಂಗಡಿ: ಹಳೇ ಅಂಬಾಸಿಡರ್ ಇಟ್ಕೊಂಡೋರು ಓದ್ರಿ

ಬಳ್ಳಾರಿ ಕೌಲ್ ಬಜಾರ್ ಒಳಗಡೆ ಒಂದು ರೇಡಿಯೇಟರ್ ಅಂಗಡಿ ಐತೆ, ಬೋರ್ಡು ಗೀರ್ಡು ಏನಿಲ್ಲ, ಹೊರಗೆ ಗೋಡೆಗೆ ಲಾರಿ ರೇಡಿಯೇಟರ್ ಒರಗಿಸಿಟ್ಟಿರ್ತಾರೆ ಅದೇ ಗುರುತು. ಈ ಬೇಸಿಗೇಲಿ ನನ್ನ ಅಂಬಾಸಿಡರ್ ರೇಡಿಯೇಟರ್ ಅಲ್ಲೇ ಮಾಡ್ಸಿದೆ, ಕೆಲಸ ಬಹಳ ಚೆನ್ನಾಗಿ ಬಂತು, ಅದಕ್ಕೇ ಬರೀತಿದೀನಿ. ಹಳೇ ಗಾಡಿ ಮನೇಲೇ ರಿಪೇರಿ ಮಾಡ್ಕೊಳೋರಿಗೆ ಮುಕ್ಕಾಲು ಕೆಲಸ ಕೈಯಲ್ಲೇ ಆಗುತ್ತೆ, ಪಾಯಿಂಟ್ ಸೆಟ್ ಮಾಡೋದು, ಟ್ಯಾಪೆಟ್ ನೋಡೋದು, ಬ್ರೇಕ್ ಶೂ ಹಾಕೋದು, ಕಾರ್ಬ್ಯುರೇಟರ್ ಬಿಚ್ಚಿ ತೊಳೆಯೋದು ಎಲ್ಲಾ. ರೇಡಿಯೇಟರ್ ಒಳಗಡೆ ಕಟ್ಕೊಂಡಿದ್ದನ್ನ ತೆಗೆಯೋದು ಮಾತ್ರ ಮನೇಲಿ ಆಗೋ ಮಾತಲ್ಲ, ಅದಕ್ಕೆ ಬೆಂಕಿ ಹಿಡಿದು ಪಳಗಿದ ಕೈಯೇ ಬೇಕು.

ಗಾಡಿ 1489 ಸಿಸಿ ಪೆಟ್ರೋಲಿಂದು, ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್ನು. ಮೋರಿಸ್ ಆಕ್ಸ್‌ಫರ್ಡ್ ಗಾಡೀನೇ ಹಿಂದೂಸ್ತಾನ್ ಮೋಟರ್ಸ್‌ನೋರು ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಅಂತ ಮಾಡ್ತಿದ್ರು, 2014ರಲ್ಲಿ ನಿಲ್ಲಿಸಿದ್ರು, ಇದೆಲ್ಲ ಇಲ್ಲಿಗೆ ಬಂದು ಓದೋರಿಗೆ ಗೊತ್ತಿರೋದೇ. ಎಂಜಿನ್ ಬ್ಲಾಕೂ ಅದರ ಮೇಲೆ ಕೂರೋ ಹೆಡ್ಡೂ ಎರಡೂ ಎರಕದ ಕಬ್ಬಿಣ, ಒಂದ್ಸಲ ಕಾದ್ರೆ ಬೇಗ ಆರಲ್ಲ. ಅದನ್ನ ತಂಪು ಮಾಡೋಕೆ ಇರೋದು ಒಂದು ಹಿತ್ತಾಳೆ ತಾಮ್ರದ ರೇಡಿಯೇಟರು, ಬೆಲ್ಟಿಂದ ತಿರುಗೋ ಫ್ಯಾನು, ಒಂದು ವಾಟರ್ ಪಂಪು, ಅಷ್ಟೇ. ನಮ್ಮ ಬಳ್ಳಾರಿ ಏಪ್ರಿಲ್ ಮೇ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟಿರುತ್ತೆ, ರೇಡಿಯೇಟರಿಗೆ ಬರೋ ಗಾಳೀನೇ ಅಷ್ಟು ಬಿಸಿ ಅಂದಮೇಲೆ ಅದು ನೂರಕ್ಕೆ ನೂರು ಕೆಲಸ ಮಾಡ್ಬೇಕು, ಒಳಗೆ ಸ್ವಲ್ಪ ಕಟ್ಕೊಂಡಿದ್ರೂ ಚಳಿಗಾಲದಲ್ಲಿ ನಡೆಯುತ್ತೆ, ಬೇಸಿಗೇಲಿ ನಡೆಯಲ್ಲ.

ನನ್ನ ಗಾಡಿಗೆ ಆಗ್ತಿದ್ದದ್ದು ಏನಂದ್ರೆ ಊರೊಳಗೆ ಮೋತಿ ಸರ್ಕಲ್ ಸಿಗ್ನಲ್ಲಲ್ಲಿ ನಿಂತ್ರೆ ಟೆಂಪರೇಚರ್ ಮುಳ್ಳು ಸುಮ್ನೆ ಇರ್ತಿತ್ತು, ಸಂಡೂರ್ ಕಡೆ ಏರು ಹತ್ತೋಕೆ ಶುರು ಮಾಡಿದ್ರೆ ಮೇಲಕ್ಕೆ ಹೋಗ್ತಿತ್ತು. ಇದನ್ನ ಸರಿಯಾಗಿ ಗಮನಿಸ್ರಿ, ಬಹಳ ಜನ ಗಾಡಿ ಹೀಟ್ ಆಗ್ತೈತೆ ಅಂತ ಒಂದೇ ಮಾತು ಹೇಳ್ತಾರೆ, ಯಾವಾಗ ಅನ್ನೋದು ಹೇಳಲ್ಲ. ನಿಂತಾಗ ಹೀಟ್ ಆಗಿ ಓಡುವಾಗ ಸರಿ ಹೋದ್ರೆ ಗಾಳಿ ಸಾಲ್ತಿಲ್ಲ ಅಂತ ಅರ್ಥ, ಬೆಲ್ಟು ಲೂಸು, ಫ್ಯಾನು, ಇಲ್ಲಾ ರೇಡಿಯೇಟರ್ ಫಿನ್ (ಟ್ಯೂಬುಗಳ ನಡುವಿನ ತೆಳು ತಗಡು) ಮಧ್ಯೆ ಧೂಳು. ನಿಂತಾಗ ಸರಿ ಇದ್ದು ಲೋಡ್ ಬಿದ್ದಾಗ ಹೀಟ್ ಆದ್ರೆ ಜಾಸ್ತಿ ಅನುಮಾನ ನೀರು ಹರಿಯೋದರ ಮೇಲೆ, ಅಂದ್ರೆ ಟ್ಯೂಬ್ ಒಳಗೆ ಕಟ್ಕೊಂಡಿದೆ ಅಂತ. ಇನ್ನೊಂದು, ಮಧ್ಯಾಹ್ನ ಬಿಸಿಲಲ್ಲಿ ಗಾಡಿ ಆಫ್ ಆಗಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆದ್ರೆ ಅದು ರೇಡಿಯೇಟರ್ ಅಲ್ಲದೇನೂ ಇರಬಹುದು, ಪೆಟ್ರೋಲ್ ಪಂಪಲ್ಲೋ ಪೈಪಲ್ಲೋ ಪೆಟ್ರೋಲ್ ಆವಿ ಆಗಿ ಲಾಕ್ ಆಗಿರುತ್ತೆ, ಮುಳ್ಳು ನೋಡಿದ್ರೆ ಗೊತ್ತಾಗುತ್ತೆ.

ಅಂಗಡಿಗೆ ಹೋಗೋ ಮುಂಚೆ ಮನೇಲಿ ನೋಡ್ಬೇಕಾದ್ದೆಲ್ಲ ನೋಡಿದ್ದೆ. ಬೆಲ್ಟ್ ಬೆರಳಲ್ಲಿ ಒತ್ತಿದ್ರೆ ಅರ್ಧ ಇಂಚು ಒಳಗೆ ಹೋಗ್ತಿತ್ತು, ಅದು ಸರಿ. ವಾಟರ್ ಪಂಪ್ ಕೆಳಗಿನ ಸಣ್ಣ ತೂತು ಒಣಗಿತ್ತು, ಅಂದ್ರೆ ಸೀಲ್ ಚೆನ್ನಾಗೈತೆ. ಥರ್ಮೋಸ್ಟಾಟ್, ಅಂದ್ರೆ ಎಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರು ಬಿಡೋ ವಾಲ್ವು, ಅದನ್ನ ಬಿಚ್ಚಿ ಪಾತ್ರೇಲಿ ನೀರು ಕಾಯಿಸಿ ಥರ್ಮಾಮೀಟರ್ ಇಟ್ಟು ನೋಡಿದೆ, ಅದರ ಮೇಲೆ ಬರ್ದಿರೋ ಡಿಗ್ರಿಗೆ ಸರಿಯಾಗಿ ಬಾಯಿ ತೆರೀತು. ಪ್ಲಗ್ಗಲ್ಲಿ ಕಿಡಿ ಹಾರೋ ಟೈಮಿಂಗ್ ಹಿಂದೆ ಬಿದ್ರೂ ಎಂಜಿನ್ ಕಾಯುತ್ತೆ ಅದಕ್ಕೆ ಅದನ್ನೂ ಚೆಕ್ ಮಾಡಿದೆ. ಆಮೇಲೆ ಗಾಡಿ ಓಡಿಸಿ ಬಂದು ಎಂಜಿನ್ ಆಫ್ ಮಾಡಿ ರೇಡಿಯೇಟರ್ ಮೇಲೆ ಹುಷಾರಾಗಿ ಕೈ ಆಡಿಸಿದೆ, ಮೇಲೆಲ್ಲ ಕಾದಿತ್ತು, ಕೆಳಗೆ ಎಡಗಡೆ ಒಂದು ಅಂಗೈ ಅಗಲ ಜಾಗ ತಣ್ಣಗಿತ್ತು. ಅಲ್ಲಿ ನೀರೇ ಹರೀತಿಲ್ಲ. ಈ ಟೆಸ್ಟಿಗೆ ಒಂದು ರೂಪಾಯಿ ಖರ್ಚಿಲ್ಲ, ಎಲ್ರೂ ಮಾಡ್ಬಹುದು, ಫ್ಯಾನ್ ನಿಂತಿರಬೇಕು ಅಷ್ಟೇ.

ಮೊದ್ಲು ಬೇರೆ ಒಂದು ಗ್ಯಾರೇಜಲ್ಲಿ ಕೇಳಿದ್ದೆ, ಹೆಸರು ಬೇಡ. ಬಾನೆಟ್ ಎತ್ತಿ ನೋಡಿದ್ದೇ ತಡ ಥರ್ಮೋಸ್ಟಾಟ್ ತೆಗೆದು ಬಿಸಾಕ್ರಿ, ಹೊಸ ಕೋರ್ (ಟ್ಯೂಬೂ ಫಿನ್ನೂ ಇರೋ ನಡುಭಾಗ) ಹಾಕ್ಸ್ರಿ ಅಂದ್ರು, ರೇಡಿಯೇಟರ್ ಮುಟ್ಟಿ ಕೂಡ ನೋಡ್ಲಿಲ್ಲ. ನಮ್ಮ ಕಡೆ ಈ ಥರ್ಮೋಸ್ಟಾಟ್ ತೆಗೆಯೋ ಅಭ್ಯಾಸ ಬಹಳ ಐತೆ, ಇದು ನಿಲ್ಲಬೇಕು. ಥರ್ಮೋಸ್ಟಾಟ್ ಇಲ್ಲಾಂದ್ರೆ ಎಂಜಿನ್ ಸರಿಯಾದ ಬಿಸಿಗೆ ಬರೋದು ಬಹಳ ಲೇಟ್ ಆಗುತ್ತೆ, ಆಯಿಲ್ ಕೆಡುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಬ್ಲಾಕ್ ಆಗಿರೋ ಟ್ಯೂಬ್ ಮಾತ್ರ ಹಂಗೇ ಇರುತ್ತೆ. ರೋಗ ಒಂದು ಮದ್ದು ಒಂದು.

ಈಗ ಈ ಅಂಗಡಿ ವಿಷಯಕ್ಕೆ ಬರ್ತೀನಿ. ರೇಡಿಯೇಟರ್ ನಾನೇ ಮನೇಲಿ ಬಿಚ್ಕೊಂಡು ಆಟೋದಲ್ಲಿ ಇಟ್ಕೊಂಡು ಹೋದೆ. ಯಜಮಾನ್ರು ವಯಸ್ಸಾದೋರು, ಪಕ್ಕದಲ್ಲಿ ಅವರ ಹುಡುಗ. ಮೊದಲನೇ ಪ್ರಶ್ನೆ ರೇಟಿಂದಲ್ಲ ನೋಡ್ರಿ, ಆಯಿಲ್ ಡಿಪ್ ಸ್ಟಿಕ್ ನೋಡಿದ್ರಾ, ಬೆಳ್ಳಗೆ ಏನಾದ್ರೂ ಐತಾ ಅಂತ ಕೇಳಿದ್ರು, ಎರಡನೇದು ಎಂಜಿನ್ ರೇಸ್ ಮಾಡಿದ್ರೆ ರೇಡಿಯೇಟರ್ ನೀರಲ್ಲಿ ಗುಳ್ಳೆ ಬರ್ತಿತ್ತಾ ಅಂತ. ಈ ಎರಡೂ, ಬ್ಲಾಕಿಗೂ ಹೆಡ್ಡಿಗೂ ಮಧ್ಯೆ ಇರೋ ಹೆಡ್ ಗ್ಯಾಸ್ಕೆಟ್ ಹೋಗಿರೋ ಗುರುತು. ಹಂಗಿದ್ರೆ ರೇಡಿಯೇಟರ್ ಮಾಡ್ಸಿ ದುಡ್ಡು ಕಳ್ಕೊಬೇಡ್ರಿ, ಮೊದ್ಲು ಗ್ಯಾಸ್ಕೆಟ್ ನೋಡ್ರಿ ಅಂದ್ರು. ಬಂದ ಗಿರಾಕಿಗೆ ನಿಮ್ಮ ಕೆಲಸ ಇಲ್ಲಿ ಇಲ್ಲದೇನೂ ಇರಬಹುದು ಅಂತ ಹೇಳೋ ಅಂಗಡಿ ಎಷ್ಟು ಅದಾವೆ ಹೇಳ್ರಿ? ಅಲ್ಲೇ ನನಗೆ ನಂಬಿಕೆ ಬಂತು.

ಆಮೇಲೆ ಕೆಳಗಿನ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಮೇಲಿಂದ ಗೇಜ್ ಇರೋ ಪಂಪಲ್ಲಿ ಗಾಳಿ ಕೊಟ್ಟು ಸಿಮೆಂಟ್ ತೊಟ್ಟೀಲಿ ಮುಳುಗಿಸಿದ್ರು. ಒತ್ತಡ ಹತ್ತು ಪೌಂಡ್ ದಾಟಿಸ್ಲಿಲ್ಲ, ಹಳೇ ಜಾಯಿಂಟು ಜಾಸ್ತಿ ಕೊಟ್ರೆ ಬಿಡುತ್ತೆ ಅಂತ. ಎರಡು ಕಡೆ ಸಣ್ಣಗೆ ಗುಳ್ಳೆ ಎದ್ವು, ಅಲ್ಲಿ ಮೊಳೇಲಿ ಗೀರಿ ಗುರುತು ಮಾಡ್ಕೊಂಡ್ರು. ನಂತರ ಗ್ಯಾಸ್ ಟಾರ್ಚ್ ಹಚ್ಚಿ ಮೇಲಿನ ಟ್ಯಾಂಕ್ ಅಂಚಿನ ಉದ್ದಕ್ಕೂ ಆಡಿಸ್ತಾ ಹೋದ್ರು, ಸೀಸ ತವರದ ಬೆಸುಗೆ 190 ಡಿಗ್ರಿ ಹತ್ರಕ್ಕೇ ಕರಗೋಕೆ ಶುರು ಆಗುತ್ತೆ, ಹಿತ್ತಾಳೆಗೆ ಅಷ್ಟಕ್ಕೆ ಏನೂ ಆಗಲ್ಲ, ಕಷ್ಟ ಎಲ್ಲಂದ್ರೆ ಇಲ್ಲಿ ಕಾಯಿಸುವಾಗ ಪಕ್ಕದ ಟ್ಯೂಬಿನ ಬೆಸುಗೆ ಕರಗಬಾರದು. ಅದಕ್ಕೆ ಕೋರಿನ ಮೇಲೆ ಒದ್ದೆ ಗೋಣಿ ಪಟ್ಟಿ ಹೊದಿಸಿದ್ರು, ಅದು ಹೊಗೆಯಾಡಿದ ಕೂಡ್ಲೇ ಹುಡುಗ ನೀರು ಚಿಮುಕಿಸ್ತಿದ್ದ, ಒಬ್ಬರಿಗೊಬ್ರು ಮಾತಾಡ್ಲೇ ಇಲ್ಲ. ಬೆಸುಗೆ ಬೆಳ್ಳಗೆ ಮಿಂಚಿ ಹನಿ ಬೀಳೋಕೆ ಶುರು ಆದಾಗ ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟಿದ್ರು, ಟ್ಯಾಂಕು ಇಡಿಯಾಗಿ ಮೇಲಕ್ಕೆ ಬಂತು, ಎಲ್ಲೂ ಸೊಟ್ಟ ಆಗ್ಲಿಲ್ಲ.

ಒಳಗೆ ನೋಡಿದ್ರೆ ಬೋರ್ ನೀರು ಕಾಯಿಸೋ ಹಂಡೆ ತಳದಲ್ಲಿ ಹೆಪ್ಪುಗಟ್ಟುತ್ತಲ್ಲ ಅದೇ ತರ ಬಿಳೀ ಪದರ, ಅದರ ಮೇಲೆ ಕೆಂಪು ತುಕ್ಕಿನ ಕೆಸರು. ಎಡಗಡೆ ಟ್ಯೂಬುಗಳ ಬಾಯೇ ಮುಚ್ಚಿಹೋಗಿತ್ತು, ಸರಿಯಾಗಿ ಕೈಗೆ ತಣ್ಣಗೆ ಸಿಕ್ಕಿದ್ದ ಕಡೆ. ಯಜಮಾನ್ರು ನನ್ನ ಕರೆದು ಟಾರ್ಚ್ ಲೈಟ್ ಬಿಟ್ಟು ತೋರಿಸಿ ಆಮೇಲೇ ರೇಟ್ ಹೇಳಿದ್ರು, ಟ್ಯೂಬ್ ಚೆನ್ನಾಗೈತೆ, ಕೋರ್ ಬದಲಿ ಮಾಡೋ ಅವಶ್ಯಕತೆ ಇಲ್ಲ, ಕ್ಲೀನ್ ಮಾಡಿ ಬೆಸುಗೆ ಹಾಕಿದ್ರೆ ಸಾಕು ಅಂತ. ಟ್ಯೂಬ್ ಚಪ್ಪಟೆ ಇರೋದ್ರಿಂದ ಸಣ್ಣ ಉಕ್ಕಿನ ಪಟ್ಟಿ ತೂರಿಸಿ ಒಂದೊಂದೇ ಟ್ಯೂಬು ಮೇಲಿಂದ ಕೆಳಗಿನವರೆಗೂ ಎಳೀತಾರೆ, ಇದಕ್ಕೇ ರಾಡ್ ಹೊಡೆಯೋದು ಅಂತಾರೆ. ಜೋರು ಮಾಡಿದ್ರೆ ಟ್ಯೂಬ್ ಹರಿಯುತ್ತೆ. ಪಟ್ಟಿ ನಿಂತ ಕಡೆ ಹಿಂದಕ್ಕೆ ತಗೊಂಡು ನೀರು ಬಿಟ್ಟು ಮತ್ತೆ ತಳ್ತಿದ್ರು, ಕೆಳಗಿನಿಂದ ಕೆಂಪು ಗಂಜಿ ಇಳೀತಾನೇ ಇತ್ತು. ಬೇರೆ ಕಡೆ ಬರೀ ಆಸಿಡ್ ಸುರಿದು ತೊಳೆದು ಕೊಟ್ಬಿಡ್ತಾರೆ, ಪೂರ್ತಿ ಮುಚ್ಚಿರೋ ಟ್ಯೂಬ್ ಒಳಗೆ ಆಸಿಡ್ ಹೋಗೋದಾದ್ರೂ ಎಲ್ಲಿಂದ, ರಾಡ್ ಹೊಡೆಯೋದೇ ಸರಿ.

ರೇಟು: ರಾಡ್ ಹೊಡೆದು, ಎರಡು ಲೀಕ್ ಮುಚ್ಚಿ, ಟ್ಯಾಂಕ್ ಬೆಸುಗೆ ಹಾಕಿ, ಮತ್ತೆ ತೊಟ್ಟೀಲಿ ಮುಳುಗಿಸಿ ತೋರಿಸಿ ಒಟ್ಟು 1,800 ರೂಪಾಯಿ. ಹೊಸ ಕೋರಿಗೆ ಆ ಗ್ಯಾರೇಜಲ್ಲಿ ಹೇಳಿದ್ದು ಇದರ ಮೂರು ಪಟ್ಟಿಗೂ ಜಾಸ್ತಿ. ದುಡ್ಡಿಗಿಂತ ಮುಖ್ಯ ಹಳೇ ತಾಮ್ರದ ಕೋರ್ ಉಳೀತು, ಅದು ನನಗೆ ಬಹಳ ಸಮಾಧಾನ.

ಸರಿ ಇಲ್ಲದ್ದೂ ಹೇಳ್ಬೇಕು. ನಾಳೆ ಅಂದ್ರೆ ನಾಳೆ ಸಿಗಲ್ಲ, ಲಾರಿ ಕೆಲಸ ಬಂದ್ರೆ ಅದನ್ನೇ ಮೊದ್ಲು ಹಿಡೀತಾರೆ, ಅದಿರು ಲಾರಿಗಳೇ ಅವರ ದೊಡ್ಡ ಗಿರಾಕಿ ಅದು ಅರ್ಥ ಆಗುತ್ತೆ ಆದ್ರೂ ಸರಿಯಾದ ದಿನ ಹೇಳಿದ್ರೆ ಚೆನ್ನಾಗಿರ್ತಿತ್ತು. ಬಿಲ್ ಕೊಡಲ್ಲ, ಗ್ಯಾರಂಟಿ ಬಾಯಿಮಾತು. ಓವರ್‌ಫ್ಲೋ ಪೈಪ್ ಸ್ವಲ್ಪ ಬಾಗಿತ್ತು, ಮನೇಲಿ ನಾನೇ ಸರಿ ಮಾಡ್ಕೊಂಡೆ. ಮುಖ್ಯವಾಗಿ ಕೊನೇಲಿ ಕಪ್ಪು ಪೇಂಟ್ ಹೊಡೀತಾರೆ, ಅದನ್ನ ತೆಳ್ಳಗೆ ಹೊಡೀರಿ ಅಂತ ಮುಂಚೇನೇ ಹೇಳ್ಬೇಕು, ದಪ್ಪ ಹೊಡೆದ್ರೆ ಫಿನ್ ಮಧ್ಯೆ ತುಂಬ್ಕೊಂಡು ಗಾಳಿ ಆಡಲ್ಲ. ಹೇಳಿದ್ರೆ ಕೇಳ್ತಾರೆ. ಹೊಸ ಕಾರುಗಳ ಅಲ್ಯೂಮಿನಿಯಂ ಕೋರು ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ತಗೊಂಡು ಹೋಗ್ಬೇಡ್ರಿ, ಅದಕ್ಕೆ ಈ ಬೆಸುಗೆ ನಡೆಯಲ್ಲ, ಅವರೇ ವಾಪಸ್ ಕಳಿಸ್ತಾರೆ.

ಬಿಚ್ಚೋದು ಮನೇಲೇ ಮಾಡ್ರಿ, ಅವರು ಗಾಡಿ ಹತ್ರ ಬರಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೀರಿ, ಬಿಸಿ ಇದ್ದಾಗ ಮುಟ್ಲೇಬೇಡ್ರಿ. ನನ್ನ ಕ್ಯಾಪ್ ಮೇಲೆ 7 ಅಂತ ಐತೆ, ಅಂದ್ರೆ 7 ಪೌಂಡ್ ಒತ್ತಡ, ಅಷ್ಟಕ್ಕೆ ನೀರು ಕುದಿಯೋದು ಸುಮಾರು 110 ಡಿಗ್ರಿಗೆ ಹೋಗುತ್ತೆ, ಕ್ಯಾಪ್ ತೆಗೆದ ಕೂಡ್ಲೇ ಒತ್ತಡ ಬಿಟ್ಟು ಕುದಿಯೋ ನೀರು ಮುಖಕ್ಕೇ ಬರುತ್ತೆ. ಬೋಲ್ಟ್ ಬಿಚ್ಚೋ ಮುಂಚೆ ಫ್ಯಾನಿಗೂ ರೇಡಿಯೇಟರಿಗೂ ಮಧ್ಯೆ ಒಂದು ರಟ್ಟು ಇಳಿಬಿಡ್ರಿ, ಎತ್ತುವಾಗ ಫ್ಯಾನ್ ರೆಕ್ಕೆ ತಾಗಿ ಫಿನ್ ಮಲಗಲ್ಲ. ರೇಡಿಯೇಟರ್ ಅಂಗಡೀಲಿ ಇರೋ ಹೊತ್ತಿಗೆ ಬ್ಲಾಕಿನ ಪಕ್ಕದಲ್ಲಿರೋ ಡ್ರೈನ್ ನಲ್ಲಿ ಬಿಚ್ಚಿ ಎಂಜಿನ್ ಒಳಗಿನ ಕೆಸರೂ ತೆಗೀರಿ, ನಲ್ಲಿ ತೆಗೆದ್ರೂ ನೀರು ಬರ್ಲಿಲ್ಲ ಅಂದ್ರೆ ಖಾಲಿ ಅಂತ ತಿಳ್ಕೊಬೇಡ್ರಿ, ಕೆಸರು ಕಟ್ಟಿರುತ್ತೆ, ತಂತಿ ಹಾಕಿ ಕೆದಕಿದ್ರೆ ಬರುತ್ತೆ. ಇದನ್ನ ಮಾಡ್ಲಿಲ್ಲ ಅಂದ್ರೆ ಬ್ಲಾಕಲ್ಲಿರೋ ತುಕ್ಕೆಲ್ಲ ಕ್ಲೀನ್ ಮಾಡ್ಸಿದ ರೇಡಿಯೇಟರಿಗೇ ಬಂದು ಸೇರುತ್ತೆ.

ವಾಪಸ್ ಹಾಕುವಾಗ ಬೋರ್ ನೀರು ಖಂಡಿತ ಬೇಡ, ಆ ಬಿಳೀ ಪದರ ಬಂದಿದ್ದೇ ಅದರಿಂದ. ನಾನು ಒಂದು ಪಾಲು ಕೂಲಂಟು ಎರಡು ಪಾಲು ಡಿಸ್ಟಿಲ್ಡ್ ವಾಟರ್ ಹಾಕಿದೀನಿ, ನಮ್ಮಲ್ಲಿ ನೀರು ಹೆಪ್ಪುಗಟ್ಟೋ ಚಳಿ ಇಲ್ಲ, ನಮಗೆ ಕೂಲಂಟ್ ಬೇಕಾಗಿರೋದು ತುಕ್ಕು ಹಿಡೀದೇ ಇರೋಕೆ. ಬಣ್ಣ ನೋಡಿ ತಗೋಬೇಡ್ರಿ, ಬಣ್ಣಕ್ಕೆ ಒಂದು ನಿಯಮ ಅಂತಿಲ್ಲ, ಡಬ್ಬಿ ಮೇಲೆ ತಾಮ್ರ ಹಿತ್ತಾಳೆ ಬೆಸುಗೆಗೆ ನಡೆಯುತ್ತೆ ಅಂತ ಇರೋ ಹಳೇ ಟೈಪಿಂದೇ ತಗೊಳ್ರಿ, ಎರಡು ವರ್ಷಕ್ಕೆ ಬದಲಾಯಿಸ್ರಿ. ಸಂಡೂರ್ ತೋರಣಗಲ್ಲು ಕಡೆ ಓಡಾಡೋರು ಇನ್ನೊಂದು ಕೆಲಸ ಮಾಡ್ಬೇಕು, ಅದಿರಿನ ಕೆಂಪು ಧೂಳು ಆಯಿಲ್ ಜೊತೆ ಸೇರಿ ಫಿನ್ ಮಧ್ಯೆ ಅಂಟ್ಕೊಳುತ್ತೆ, ಆಗಾಗ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೀರಿ, ಮುಂದಿನಿಂದ ಜೋರಾಗಿ ಬಿಟ್ರೆ ಧೂಳು ಇನ್ನೂ ಒಳಕ್ಕೇ ಹೋಗುತ್ತೆ.

ಆದಮೇಲೆ ಮೇ ತಿಂಗಳ ಮಧ್ಯಾಹ್ನ ಗಾಡಿ ತುಂಬಾ ಜನ ಕೂರಿಸ್ಕೊಂಡು ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿ ಬಂದೆ. ಏರಲ್ಲಿ ಅದಿರು ಲಾರಿ ಹಿಂದೆ ಎರಡನೇ ಗೇರಲ್ಲೇ ಹತ್ತಬೇಕಾಯ್ತು, ಮುಳ್ಳು ಮಧ್ಯಕ್ಕಿಂತ ಸ್ವಲ್ಪ ಮೇಲೆ ಹೋಗಿ ಅಲ್ಲೇ ನಿಂತಿತು, ಇಳಿಜಾರಲ್ಲಿ ಮತ್ತೆ ಕೆಳಗೆ ಬಂತು. ಥರ್ಮೋಸ್ಟಾಟ್ ಹಾಕ್ಕೊಂಡೇ ಹೋಗಿದ್ದು.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಡಿಮೆ ಮಾಡಿದ್ದು ಟೈಮಿಗೆ ಮಾತ್ರ. ಶುಕ್ರವಾರ ಮಧ್ಯಾಹ್ನ ನಮಾಜ್ ಹೊತ್ತಿಗೆ ಮುಚ್ಚಿರ್ತಾರೆ, ಬೆಳಿಗ್ಗೆ ಹೋಗೋದು ಒಳ್ಳೇದು, ಲಾರಿಯೋರು ಬರೋ ಮುಂಚೆ ಕೈ ಖಾಲಿ ಇರುತ್ತೆ. ರೇಡಿಯೇಟರ್ ಜೊತೆಗೆ ಕ್ಯಾಪೂ ತಗೊಂಡು ಹೋಗ್ರಿ, ಸ್ಪ್ರಿಂಗೂ ರಬ್ಬರೂ ನೋಡಿ ನಡೆಯುತ್ತೋ ಇಲ್ವೋ ಅಂತ ಅಲ್ಲೇ ಹೇಳ್ತಾರೆ, ಅದಕ್ಕೆ ದುಡ್ಡು ತಗೊಳಲ್ಲ.