ಹೊಟ್ಟೆ ಆಪರೇಷನ್ ಆದಮೇಲೆ ಮಲಗಿಸುವುದಾ, ಬೇಗ ನಡೆಸುವುದಾ?

ನಮ್ಮತ್ತೆಗೆ ಕರುಳಿನ ಆಪರೇಷನ್ ಅಂದಾಗ ತುಮಕೂರಿನಲ್ಲೇ ಎರಡು ಕಡೆ ವಿಚಾರಿಸಿದೆವು. ಒಂದು ಕಡೆ ಹಳೇ ಪದ್ಧತಿ. ಹಿಂದಿನ ರಾತ್ರಿಯಿಂದ ತೊಟ್ಟು ನೀರೂ ಇಲ್ಲ. ಆಪರೇಷನ್ ಆದಮೇಲೆ ಗಾಳಿ ಹೋಗುವವರೆಗೆ ಬಾಯಿಗೆ ಏನೂ ಇಲ್ಲ, ಸುಮ್ನೆ ಮಲಗಿರಬೇಕು.

ಇನ್ನೊಂದು ಕಡೆ ಸಂಜೆಗೇ ಕೂರಿಸಿ, ಮರುದಿನ ನಡೆಸುತ್ತೇವೆ ಅಂದರು. ‘ಹೊಲಿಗೆ ಬಿಚ್ಚಿಕೊಂಡರೆ?’ ಅಂತ ಮಾವನಿಗೆ ಭಯ. ಆದರೆ ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ಎದೆಯಲ್ಲಿ ಕಫ ನಿಂತು ನ್ಯುಮೋನಿಯಾ ಆಗುವ ಅಪಾಯ ಜಾಸ್ತಿ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲೇ ಈ ದಾರಿ ತೋರಿಸಿದವರು. ಇದರಲ್ಲಿ ಸಾಮಾನ್ಯವಾಗಿ ಅರಿವಳಿಕೆಗೆ 6 ಗಂಟೆ ಮೊದಲು ಊಟ ನಿಲ್ಲಿಸಿದರೆ ಸಾಕು, ತಿಳಿನೀರು 2 ಗಂಟೆ ಮೊದಲಿನವರೆಗೂ ಕುಡಿಯಬಹುದು. (ಮಜ್ಜಿಗೆ ತಿಳಿನೀರಲ್ಲ, ಅತ್ತೆ ಇದನ್ನು ಒಪ್ಪಲೇ ಇಲ್ಲ!) ಮಾರ್ಫಿನ್ ತರಹದ ಔಷಧಿ ಕರುಳನ್ನು ಮಂಕಾಗಿಸುತ್ತದೆ, ಅದಕ್ಕೇ ಅದನ್ನು ಕಡಿಮೆ ಕೊಟ್ಟು ಬೇರೆ ರೀತಿ ನೋವು ತಗ್ಗಿಸುತ್ತಾರೆ.

ನಾವು ಎರಡನೆಯದನ್ನೇ ಆರಿಸಿದೆವು. ನರ್ಸಮ್ಮ ಅತ್ತೆಯನ್ನು ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗಿಳಿಸಿ, ಆಮೇಲೆ ಎಬ್ಬಿಸಿದರು. ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು. ಕಿಟಕಿವರೆಗೆ ಹತ್ತು ಹೆಜ್ಜೆ, ಡ್ರಿಪ್ ಸ್ಟ್ಯಾಂಡ್ ಜೊತೆಗೇ.

ಆದರೆ ಎಲ್ಲರಿಗೂ ಇದೇ ಸರಿ ಅಲ್ಲ. ಹೊಟ್ಟೆ ಉಬ್ಬಿ ವಾಂತಿ ಆಗುತ್ತಿದ್ದರೆ, ಕರುಳು ತೂತಾಗಿ ಎಮರ್ಜೆನ್ಸಿ ಆಗಿದ್ದರೆ ಡಾಕ್ಟರ್ ಹೇಳಿದಂತೆ ಕಾಯಲೇಬೇಕು. ಬೇಗ ಮನೆಗೆ ಕಳಿಸುತ್ತೇವೆ ಅಂದರೂ ಯೋಚಿಸಿ. ಪಾವಗಡದ ಕಡೆಯವರಾದರೆ ರಾತ್ರಿ ಜ್ವರ ಬಂದು ಗಾಯ ಕೀವಾದರೆ ವಾಪಸ್ ಬರುವುದು ಸುಲಭವಾ? ಇನ್ನೊಂದು ದಿನ ಇರುವುದೇ ವಾಸಿ.