ಆನೆಗೊಂದಿಯ ಹರಿಗೋಲು ಸವಾರಿ: ಹೊಳೆ ಕಲ್ಲು ಕೊರೆದದ್ದನ್ನು ಕೈಮುಟ್ಟಿ ನೋಡಲು

ಕೊಪ್ಪಳ ಜಿಲ್ಲೆಯ ಆನೆಗೊಂದಿ, ಸಣಾಪುರದ ಕಡೆ ಹರಿಗೋಲು ಹತ್ತುವವರಲ್ಲಿ ಹೆಚ್ಚಿನವರು ಅದನ್ನು ಬುಗುರಿಯಂತೆ ತಿರುಗಿಸುವ ಗಮ್ಮತ್ತಿಗಾಗಿ ಬರುತ್ತಾರೆ. ಕಳೆದ ಫೆಬ್ರುವರಿಯಲ್ಲಿ, ತುಂಗಭದ್ರಾ ಹೊಳೆಯ ನೀರು ಇಳಿದಿದ್ದಾಗ, ಅಕ್ಕನ ಇಬ್ಬರು ಮಕ್ಕಳೊಂದಿಗೆ ಹೋದ ನಾನು ಅಂಬಿಗರಲ್ಲಿ ಕೇಳಿಕೊಂಡದ್ದು ಬೇರೆ: "ತಿರುಗ್ಸೋದು ಬ್ಯಾಡ್ರಿ ಯಜಮಾನ್ರ, ಬಂಡೆ ಮಗ್ಗಲ್ದಾಗ ನಿಧಾನ ನಡಸ್ರಿ." ಆ ಹಿರಿಯರು ಮರುಮಾತಿಲ್ಲದೆ ಒಪ್ಪಿ, ಸವಾರಿಯ ಉದ್ದಕ್ಕೂ ಆತುರವಿಲ್ಲದೆ ಹುಟ್ಟು ಹಾಕಿದರು.

ಒಂದು ಕಡೆ ಹರಿಗೋಲನ್ನು ಬಂಡೆಗೆ ಆನಿಸಿ ನಿಲ್ಲಿಸಿ, ಒರಳಿನಂಥ ಕುಳಿಯೊಂದನ್ನು ತೋರಿಸಿದರು. ಮೊಳಕೈವರೆಗೆ ಕೈ ಇಳಿಸಿದೆ. ಸುತ್ತಲಿನ ಮೈ ಬಳಸಿ ಸವೆದ ಒರಳಿನಷ್ಟೇ ನುಣುಪಾಗಿತ್ತು. ತಳದಲ್ಲಿ ಒಂದಿಷ್ಟು ಮರಳು, ನಿಂಬೆಹಣ್ಣಿನ ಗಾತ್ರದ ನಾಲ್ಕು ಉರುಟು ಕಲ್ಲುಗಳು. ನದಿ ಬೆಟ್ಟವನ್ನು ಕೊರೆಯುವ ಉಪಕರಣ ಇದೇ ಎಂದು ಮಕ್ಕಳಿಗೆ ಹೇಳಲು ನನಗೆ ಬೇರೆ ಚಿತ್ರ ಬೇಕಾಗಲಿಲ್ಲ. ಗ್ರಾನೈಟಿನಂಥ ಗಟ್ಟಿ ಶಿಲೆಯನ್ನು ಬರಿಯ ನೀರು ಸವೆಸುವುದು ಬಹಳ ಕಡಿಮೆ. ಪ್ರವಾಹದ ದಿನಗಳಲ್ಲಿ ಸುಳಿಗೆ ಸಿಕ್ಕ ಮರಳು ಮತ್ತು ಕಲ್ಲು ತಿರುಗುತ್ತಾ ಉಜ್ಜುತ್ತವೆ, ಕುಳಿ ಆಳವಾಗುತ್ತದೆ, ಅಕ್ಕಪಕ್ಕದ ಕುಳಿಗಳು ಒಡೆದು ಕೂಡಿಕೊಂಡು ಕಾಲುವೆಯಾಗುತ್ತವೆ, ಬಂಡೆಯಲ್ಲಿ ಮೊದಲೇ ಇದ್ದ ಸೀಳುಗಳನ್ನು ಹಿಡಿದು ಹೊಳೆ ದಾರಿ ಮಾಡಿಕೊಳ್ಳುತ್ತದೆ.

ಹಾಗಾದರೆ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಷ್ಟು ಆಳ ಇಲ್ಲೇಕಿಲ್ಲ ಎಂದು ದೊಡ್ಡ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಇಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಅಲ್ಲಿನ ಕಂದರದ ತಳದ ಶಿಲೆಗೂ 170 ಕೋಟಿ ವರ್ಷ ದಾಟಿದೆ. ಆದರೆ 1.6 ಕಿಲೋಮೀಟರಿಗೂ ಮಿಕ್ಕಿದ ಆ ಆಳದ ಬಹುಪಾಲನ್ನು ಕೊಲೊರಾಡೊ ನದಿ ಕೊರೆದದ್ದು ಕಳೆದ 50–60 ಲಕ್ಷ ವರ್ಷಗಳಲ್ಲಿ. ಅಲ್ಲಿ ನೆಲವೇ ಮೇಲೆದ್ದು ನದಿಗೆ ಕಡಿದಾದ ಇಳಿಜಾರು ಸಿಕ್ಕಿತು, ಕೊರೆಯಲು ಮರಳುಗಲ್ಲು, ಜೇಡಿಗಲ್ಲಿನ ಪದರಗಳೂ ಇದ್ದವು. ಶಿಲೆಯ ವಯಸ್ಸು ಬೇರೆ, ಕಣಿವೆಯ ವಯಸ್ಸು ಬೇರೆ ಎಂಬುದು ಅವಳಿಗೆ ತಿಳಿದದ್ದು ನನಗೆ ಈ ಪ್ರವಾಸದ ದೊಡ್ಡ ಸಂತೋಷ.

ದಡದಲ್ಲಿ ಮಾರ್ಗದರ್ಶಿಯಾಗಿ ಬಂದ ಯುವಕ ಗುಡ್ಡದ ಮೇಲಿನ ಗುಂಡುಬಂಡೆಗಳನ್ನೂ ಹೊಳೆಯೇ ಉರುಳಿಸಿ ತಂದಿತೆಂದು ಹೇಳಿದ್ದು ಮಾತ್ರ ಸರಿಯಲ್ಲ. ಅವು ಇದ್ದಲ್ಲೇ, ನೆಲದೊಳಗೆ, ಸೀಳುಗಳಿಗೆ ಇಳಿದ ನೀರಿನಿಂದ ಮೂಲೆಗಳು ಕರಗಿ ದುಂಡಗಾದವು. ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಹೊರಗೆ ಕಂಡವು. ಇಷ್ಟು ಚೆಂದದ ಜಾಗದಲ್ಲಿ ತಪ್ಪು ಕಥೆ ಹೇಳಬಾರದು. ಹೊಳೆಯ ಮೇಲ್ಭಾಗದಲ್ಲಿ 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. ಹೊಳೆಯ ಉಜ್ಜುವ ಮರಳು ಬಹುಪಾಲು ಅಲ್ಲೇ ನಿಂತುಬಿಟ್ಟಿದೆ ಎಂಬುದನ್ನೂ ಮಾರ್ಗದರ್ಶಿಗಳು ಪ್ರವಾಸಿಗರಿಗೆ ಹೇಳಿದರೆ ಎಷ್ಟು ಚೆನ್ನ.

ನಡೆಸುವವರು ತಿದ್ದಿಕೊಳ್ಳಲೇಬೇಕಾದ ಕೊರತೆ ಒಂದಿದೆ: ಜೀವರಕ್ಷಕ ಜಾಕೆಟ್‌ಗಳೆಲ್ಲ ದೊಡ್ಡವರ ಅಳತೆಯವು. ಏಳು ವರ್ಷದ ಹುಡುಗನಿಗೆ ಅದು ಹೆಗಲಿನಿಂದ ಜಾರುತ್ತಲೇ ಇತ್ತು, ಸವಾರಿಯುದ್ದಕ್ಕೂ ನನ್ನ ಒಂದು ಕೈ ಅವನ ಮೇಲೆಯೇ ಇತ್ತು. ದರದ ಫಲಕವೂ ಇಲ್ಲ. ಹತ್ತುವ ಮೊದಲೇ ಮಾತಾಡಿಕೊಳ್ಳಿ. ಜಲಾಶಯದಿಂದ ಹೊಳೆಗೆ ನೀರು ಬಿಟ್ಟ ದಿನಗಳಲ್ಲಿ ಹೋಗಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಬೆಳಗಿನ ಹೊತ್ತಿನಲ್ಲಿ ಹೋಗಿ, ಆ ಕುಳಿಗಳ ಬಳಿ ಹರಿಗೋಲು ನಿಲ್ಲಿಸುವಂತೆ ಅಂಬಿಗರನ್ನು ಕೇಳಿ.